ಸೂತಕದ ದಿನದ ಅಪ್‌ಡೇಟ್

ಪರದೆಯ ಮೇಲೆ ಎರಡು ಹೆಸರುಗಳಿದ್ದವು. ಇರಬೇಕಾದದ್ದು ಒಂದೇ.

ಸಾಯಿರಾ ಕಣ್ಣುಜ್ಜಿಕೊಂಡು ಅದೇ ಆಜ್ಞೆಯನ್ನು ಇನ್ನೊಮ್ಮೆ ಒತ್ತಿದಳು. ಈ ಗಳಿಗೆಯಲ್ಲಿ ಸರ್ವರಿನ ಒಳಗೆ ಯಾರ್ಯಾರಿದ್ದಾರೆ ಎಂದು ಕೇಳುವ ಆಜ್ಞೆ ಅದು. ಉತ್ತರ ಬದಲಾಗಲಿಲ್ಲ. ಮೊದಲ ಸಾಲಿನಲ್ಲಿ ಶಿವಾಜಿ. ಅದು ಸರಿ. ನೀರಿನ ಘಟಕದ ಮ್ಯಾನೇಜರ್ ಶಿವಾಜಿರಾವ್ ಈಗಷ್ಟೇ ತನ್ನ ಪಾಸ್‌ವರ್ಡ್ ಒತ್ತಿ ಅವಳಿಗೆ ಕುರ್ಚಿ ಬಿಟ್ಟುಕೊಟ್ಟಿದ್ದ. ಎರಡನೆಯ ಸಾಲಿನಲ್ಲಿ ಅಲ್ತಾಫ.

ಅಲ್ತಾಫ ಅವಳ ಅಣ್ಣ, ಈ ಘಟಕದ ಕಂಪ್ಯೂಟರ್ ನೋಡಿಕೊಳ್ಳುವವನು. ಕಿಟಕಿಯಾಚೆ ಬೇವಿನ ಮರದಡಿ ನಿಂತ ಪೊಲೀಸ್ ಜೀಪಿನಲ್ಲಿ, ಬೇಡಿ ಹಾಕಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಫೋನು ಮೂರು ದಿನದಿಂದ ಪೊಲೀಸರ ಪೆಟ್ಟಿಗೆಯಲ್ಲಿತ್ತು.

"ಮೇಡಂ," ಎಂದಳು ಸಾಯಿರಾ. ದನಿ ಗಂಟಲಲ್ಲೇ ಉಳಿಯಿತು.

"ಜೋರಾಗಿ ಹೇಳ್ ತಂಗಿ. ನೀ ಮಾತಾಡಿದ್ದು ನಿನ್ನ ಹಲ್ಲಿಗೂ ಕೇಳೂದಿಲ್ಲ."

ಹಿಂದೆ ನಿಂತಿದ್ದವಳು ಸೈಬರ್ ಠಾಣೆಯ ಇನ್‌ಸ್ಪೆಕ್ಟರ್ ಅಕ್ಕುತಾಯಿ. ನಡುವಯಸ್ಸು, ಬಾಯಲ್ಲಿ ಸದಾ ಒಂದು ಏಲಕ್ಕಿ. ಸಾಯಿರಾ ಯಂತ್ರ ನೋಡುತ್ತಿದ್ದರೆ ಈಕೆ ಸಾಯಿರಾಳ ಕೈಗಳನ್ನೇ ನೋಡುತ್ತಿದ್ದಳು.

"ಭಾಯಿ ಹೆಸರಿನ್ಯಾಗ ಯಾರೋ ಒಳಗ ಅದಾರ್ರಿ. ಈಗ. ಈ ಹೊತ್ತಿನ್ಯಾಗ."

ಏಲಕ್ಕಿ ಅಗಿಯುವ ಸದ್ದು ನಿಂತಿತು.

ಹೋದ ವಾರ ಬೆಳಿಗ್ಗೆ ಇದೇ ಘಟಕದ ಗ್ಯಾಸ್ ಖೋಲಿಯಲ್ಲಿ, ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್‌ನ ವಾಲ್ವು ತಾನಾಗಿ ತೆರೆದುಕೊಂಡಿತ್ತು. ದಿನದಂತೆ ಪೂಜೆಯ ಊದಿನಕಡ್ಡಿ ಹಚ್ಚಲು ಒಳಗೆ ಹೋದ ಕಾವಲುಗಾರ ಸಿದರಾಯನ ಎದೆ ಸುಟ್ಟು, ಅವನೀಗ ರಾಯಬಾಗದ ಒಂದು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ. ವಾಲ್ವಿಗೆ ಆಜ್ಞೆ ಹೋದದ್ದು ಅಲ್ತಾಫನ ಹೆಸರಿನಿಂದ. ಪೊಲೀಸ್ ವಶದ ಗಡುವು ಮುಗಿಯುತ್ತಿದ್ದು, ಸಂಜೆಯೊಳಗೆ ಅವನನ್ನು ಮತ್ತೆ ಚಿಕ್ಕೋಡಿಯ ನ್ಯಾಯಾಲಯಕ್ಕೆ ಒಯ್ಯುವವರಿದ್ದರು. ಒಮ್ಮೆ ಒಳಗೆ ಹೋದರೆ ಯಾವಾಗ ಹೊರಗೆ ಎಂದು ಹೇಳುವವರು ಯಾರೂ ಇರಲಿಲ್ಲ.

ಬುತ್ತಿ ತಂದಿದ್ದ ಸಾಯಿರಾಳನ್ನು ಅಕ್ಕುತಾಯಿಯೇ ಒಳಗೆ ಕರೆದಿದ್ದಳು. ಬಿಸಿಎ ಓದಿದ ಹುಡುಗಿ, ರಾಯಬಾಗದಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ ಎಂದು ಕೇಳಿ, "ಬಾ, ನಿಮ್ಮಣ್ಣ ಕಳ್ಳ ಅಲ್ಲಂದ್ರ ತೋರ್ಸು" ಎಂದಿದ್ದಳು. ಅದು ಕರುಣೆಯೋ ಬಲೆಯೋ ಸಾಯಿರಾಳಿಗೆ ಇನ್ನೂ ತಿಳಿದಿರಲಿಲ್ಲ.

"ಅಹೋ ಮೇಡಂ, ಇದರಾಗ ಏನೈತ್ರಿ?" ಎಂದ ಶಿವಾಜಿ. ಹಣೆಯವರೆಗೆ ಇಳಿದ ಕ್ಯಾಪನ್ನು ಇನ್ನಷ್ಟು ಕೆಳಗೆಳೆದುಕೊಂಡ. "ಪಾಸ್‌ವರ್ಡ್ ಗೆಳ್ಯಾನ ಕೈಯಾಗ ಕೊಟ್ಟಿರ್ತಾನ. ಕಳ್ಳನ ತಂಗೀನ್ನ ತಂದು ಯಂತ್ರದ ಮುಂದ ಕುಂಡ್ರಿಸೀರಿ, ಇನ್ನೇನ ಹೇಳ್ತಾಳ ಆಕಿ?"

"ಆಕಿ ಏನ ಹೇಳ್ತಾಳೋ ನಾ ಕೇಳ್ತೀನಿ. ನೀವು ಸ್ವಲ್ಪ ಬಾಯಿಗೆ ವಿಶ್ರಾಂತಿ ಕೊಡ್ರಿ." ಅಕ್ಕುತಾಯಿ ಬಗ್ಗಿದಳು. "ವಾಯರ್ ಕೀಳೂಣೇನು?"

"ಇನ್ನೊಂದೀಟು ತಡೀರಿ ಮೇಡಂ. ಯಾವ ಬಾಗಿಲಿಂದ ಬಂದಾರ, ಅದನ್ನಷ್ಟ ನೋಡ್ತೀನಿ."

ಸರ್ವರಿನ ಉಕ್ಕಿನ ಪೆಟ್ಟಿಗೆಗೆ ವಿಭೂತಿ ಬಳಿದಿತ್ತು, ಕುಂಕುಮ ಇಟ್ಟಿತ್ತು. ಮೇಲೆ ಒಣಗಿದ ಚೆಂಡುಹೂವಿನ ಮಾಲೆ, ಕೆಳಗೆ ಒಡೆದ ತೆಂಗಿನಕಾಯಿಯ ಕಲೆ. ಒಳಗೆ ಫ್ಯಾನು ಗುಯ್‌ಗುಟ್ಟುತ್ತಿತ್ತು. ಸಾಯಿರಾಳಿಗೆ ಆ ಸದ್ದು ಇಷ್ಟು ಹೊತ್ತು ಬರೀ ಗಾಳಿಯ ಸದ್ದಾಗಿತ್ತು. ಈಗ ಯಾರೋ ಒಳಗೆ ಕೂತು ಉಸಿರಾಡುತ್ತಿರುವಂತೆ ಕೇಳಿಸಿತು.

ಅವಳು ಹುಡುಕಿದಳು. ಹೋದ ಅಮಾವಾಸ್ಯೆಯಂದು ಈ ಯಂತ್ರದ ತಂತ್ರಾಂಶಗಳಿಗೆಲ್ಲ ಅಪ್‌ಡೇಟ್ ಆಗಿತ್ತು. ಎಲ್ಲಕ್ಕೂ ಆಗಿತ್ತು, ಒಂದಕ್ಕೆ ಮಾತ್ರ ಇಲ್ಲ. ಹೊರಗಿನಿಂದ ಯಂತ್ರದೊಳಕ್ಕೆ ಬಿಡುವ ಬಾಗಿಲಿನಂಥ ತಂತ್ರಾಂಶ ಅದು. ಅದಕ್ಕೆ ಯಾರೋ 'ಇದನ್ನು ಮುಟ್ಟಬೇಡ, ಹಳೆಯದೇ ಇರಲಿ' ಎಂದು ತಡೆ ಹಾಕಿದ್ದರು.

"ಸಾಹೇಬ್ರ, ಇದನ್ನ ನೀವ ತಡದೀರೇನ್ರಿ?"

"ಯಾವುದು? ನಾ ಏನೂ ತಡದಿಲ್ಲ."

"ಹೊಸಾ ಕೀಲಿ ಬಂದಿತ್ತುರಿ. ಹಳೇ ಕೀಲಿ ಹೆಂಗ ಮುರೀಬೇಕು ಅನ್ನೂದೂ ಅದೇ ದಿನ ಜಗತ್ತಿಗೆಲ್ಲ ಗೊತ್ತಾಗಿತ್ತು. ಅಪ್‌ಡೇಟ್ ಅಂದ್ರ ಹಂಗರಿ. ಔಷಧ ಬಂದ ದಿನ ರೋಗದ ಹೆಸರೂ ಬರತೈತಿ. ಅದಕ್ಕ ಬಂದ ದಿನಾನ ಹಾಕೋಬೇಕ್ರಿ. ಇಲ್ಲಿ ಅಮಾಸಿತನಕ ಕಾಯ್ತಾರ."

ಒಂದೇ ಉಸಿರಿಗೆ ಇಷ್ಟು ಮಾತಾಡಿ ಸಾಯಿರಾ ತಾನೇ ಬೆಚ್ಚಿದಳು. ಮನೆಗೆ ಬಂದ ನೆಂಟರ ಎದುರೂ ಬಾಯಿಬಿಡದ ಹುಡುಗಿ.

ಶಿವಾಜಿಯ ಮುಖ ಕೆಂಪೇರಿತು. "ಮತ್ತ ಶುರು ಆತು ನಿಮ್ಮ ಮನಿ ಮಂತ್ರ! ಅಲ್ತಾಫನೂ ಇದನ್ನ ಹಾಡತಿದ್ದ. ಮೇಡಂ, ನೀವ ಹೇಳ್ರಿ. ಎರಡು ವರ್ಷದ ಹಿಂದ ಖಂಡೇನವಮಿ. ಅವತ್ತು ಯಂತ್ರಕ್ಕ ಕೈ ಹಚ್ಚೂದಿಲ್ಲ ನಾವು. ಪೂಜಾ ಮಾಡಿ ಬಿಡ್ತೀವಿ. ಇದಕ್ಕೂ ಹೂವ ಏರಿಸಿ ಆರತಿ ಎತ್ತೀನಿ, ಇದು ತಾನ ಅಪ್‌ಡೇಟ್ ಮಾಡಕೊಂಡು, ತಾನ ಆರಿ, ತಾನ ಎದ್ದೈತಿ! ಪಂಪು ಗಕ್ಕನ ನಿಂತು, ನೀರು ಹಿಂದಕ ಹೊಡದು, ಪೈಪು ಸೀಳಿ, ಸತ್ತೆವ್ವನ ಆಡಿನ ಗೂಡು ಕಾಲುವಿಗಿ ಹೋತು. ಆಕಿ ಇವತ್ತಿಗೂ ನನ್ನ ಕಂಡಲ್ಲಿ ಮಣ್ಣು ತೂರ್ತಾಳ. ಅವತ್ತ ನಾ ಅಂದ್ಯಾ, ತಾನ ತಾನ ಮಾಡೂದು ಬಂದ್. ಅಮಾಸಿಗೊಮ್ಮೆ ಕಾಯಿ ಒಡದು, ನನ್ನ ಕೈಯಾರ ನಾನ ಮಾಡಾಂವ. ಯಂತ್ರ ಮನಷ್ಯಾನ ಮಾತು ಕೇಳಬೇಕೋ, ಮನಷ್ಯಾ ಯಂತ್ರದ್ದ ಕೇಳಬೇಕೋ?"

ಅಕ್ಕುತಾಯಿ ಸಾಯಿರಾಳತ್ತ ನೋಡಿದಳು. ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ.

"ಅಪ್‌ಡೇಟ್ ತಾನಾಗಿ ಆಗ್ಲಿ, ಆರಿಸಿ ಏಳಿಸೂದು ಮಾತ್ರ ನಮ್ಮ ಕೈಯಾಗ ಇಟ್ಕೊಳ್ಳೂಣು ಅಂತ ಭಾಯಿ ಹೇಳಿದ್ದನ್ರಿ," ಎಂದಳು ಸಾಯಿರಾ. "ಹಂಗ ಮಾಡಾಕ ಬರತೈತಿ. ನೀವ ಕೇಳ್ಲಿಲ್ಲ."

"ಕೇಳ್ಲಿಲ್ಲ ಅಂತ 'ಒಂದಿನ ಏನರ ಆಗತೈತಿ ನೋಡ್ರಿ' ಅಂತ ಎಲ್ಲಾರ ಮುಂದ ಧಮಕಿ ಹಾಕಿದ್ನಲ್ಲ? ಆತಲ್ಲ ಈಗ!"

"ಅದು ಧಮಕಿ ಅಲ್ರಿ. ಅಂಜಿಕಿ. ಬಾಗಿಲಿಗೆ ದಿನಾ ಕೀಲಿ ಬೀಳ್ಲಿ ಅಂತ ಬಡಕೊಂಡಾಂವ ಕಳ್ಳ ಹೆಂಗ ಆಗ್ತಾನ್ರಿ, ಸಾಹೇಬ್ರ?"

ಶಿವಾಜಿ ಉತ್ತರಿಸಲು ಬಾಯಿ ತೆರೆದ. ಅಷ್ಟರಲ್ಲಿ ಕಂಪ್ಯೂಟರು ಸಣ್ಣಗೆ ಟಿಣ್ ಎಂದಿತು.

ಯಾರೂ ಕೀಲಿಮಣೆ ಮುಟ್ಟಿರಲಿಲ್ಲ. ಆದರೂ ಕಪ್ಪು ಪರದೆಯ ಮೇಲೆ ಒಂದು ಸಾಲು ಮೂಡಿತ್ತು. ಒಂದೇ ಯಂತ್ರದೊಳಗಿರುವವರು ಒಬ್ಬರಿಗೊಬ್ಬರು ಹೀಗೆ ಬರೆದು ಕಳಿಸಬಹುದು. ಹಳೆಯ ಕಾಲದ ಸೌಕರ್ಯ, ಈಗ ಯಾರೂ ಬಳಸುವುದಿಲ್ಲ. ಅಕ್ಷರ ಇಂಗ್ಲಿಷಿನವು, ಮಾತು ಈ ಊರಿನದು.

ಸೂತಕ ಮುಗೀತೇನ್ರಿ ಸಾಹೇಬ್ರ?

ಸಾಯಿರಾಳ ಬೆನ್ನ ಹುರಿಯ ಮೇಲೆ ಹಲ್ಲಿ ಹರಿದಂತಾಯಿತು. ಸಾವಿರಾರು ಮೈಲಿಯಾಚೆ ಎಲ್ಲೋ ಕೂತ, ಮುಖವಿಲ್ಲದ ಕಳ್ಳನನ್ನು ಅವಳು ಕಲ್ಪಿಸಿಕೊಂಡಿದ್ದಳು. ಇದು, ಗಂಡೋ ಹೆಣ್ಣೋ, ಸೂತಕದ ಮಾತಾಡುತ್ತಿತ್ತು. ಮಗ್ಗುಲ ಮನೆಯವರು ಕಟ್ಟೆಯ ಮೇಲೆ ಕೂತು ಕೇಳಿದ ಹಾಗೆ.

ಟಿಣ್.

ಕುರ್ಚಿ ಮ್ಯಾಲೆ ಕುಂತಾಕಿ ಸಾಯಿರಾ ಅಲ್ಲೇನ್ರಿ?

ಅವಳ ತಲೆ ತಾನಾಗಿ ಮೇಲೆದ್ದಿತು. ಮೂಲೆಯ ಗೋಡೆಯಲ್ಲಿ ಕ್ಯಾಮೆರಾ. ಅದರ ಕೆಂಪು ಕಣ್ಣು ನೇರ ಅವಳನ್ನೇ ನೋಡುತ್ತಿತ್ತು.

ಸಾಯಿರಾ ಕುರ್ಚಿ ಉರುಳಿಸಿಕೊಂಡು ಎದ್ದು, ಪೆಟ್ಟಿಗೆಯ ಹಿಂದೆ ಕೈಹಾಕಿ, ನೀಲಿ ವಾಯರನ್ನು ಕಿತ್ತೇಬಿಟ್ಟಳು. ಕೆಂಪು ಕಣ್ಣು ಆರಿತು. ಎದುರಿನ ದೊಡ್ಡ ಪರದೆಯಲ್ಲಿ ಹಳ್ಳಿಹಳ್ಳಿಯ ಟಾಕಿಗಳ ನೀರಿನ ಮಟ್ಟ ತೋರಿಸುವ ಅಂಕಿಗಳೆಲ್ಲ ಒಮ್ಮೆಗೇ ಅಳಿಸಿಹೋದವು.

"ಏ! ಏನ ಮಾಡಿದಿ? ಟಾಕಿ ತುಂಬ್ಯಾವೋ ಇಲ್ಲೋ ಹೆಂಗ ಗೊತ್ತಾಗಬೇಕು?" ಶಿವಾಜಿ ಮುಂದೆ ನುಗ್ಗಿದ.

"ಫೋನ್ ಹಚ್ಚಿ ಕೇಳ್ರಿ," ಎಂದಳು ಅಕ್ಕುತಾಯಿ. ಅವಳ ದನಿ ಇದ್ದಕ್ಕಿದ್ದಂತೆ ಮೆತ್ತಗಾಗಿತ್ತು. ಅದೇ ಹೆಚ್ಚು ಹೆದರಿಸುವಂತಿತ್ತು. "ಶಿವಾಜಿರಾವ್, ಟೋಪಿ ತೆಗೀರಿ."

"ಏನ್ರಿ?"

"ಟೋಪಿ."

ಶಿವಾಜಿ ಕದಲಲಿಲ್ಲ. ಅಕ್ಕುತಾಯಿಯೇ ಕೈ ಚಾಚಿ ಕ್ಯಾಪು ತೆಗೆದಳು. ಬೋಳಿಸಿದ ತಲೆಯ ಮೇಲೆ ಕೂದಲು ಈಗಷ್ಟೇ ಚಿಗುರುತ್ತಿತ್ತು. ಮೀಸೆಯೂ ಅದೇ ವಯಸ್ಸಿನದು ಎಂದು ಆಗ ಸಾಯಿರಾಳಿಗೆ ಹೊಳೆಯಿತು.

"ಯಾರು ತೀರ್ಕೊಂಡ್ರು?"

"...ಅಪ್ಪ."

"ಯಾವಾಗ?"

"ಅಮಾಸಿಗಿ ನಾಕ್ ದಿನ ಮುಂಚೆ."

"ಹದಿಮೂರರ ದಿವಸ ಆಗೂತನಕ ನೀವು ಮನಿ ದೇವರ ದೀಪಾ ಸೈತ ಮುಟ್ಟೂದಿಲ್ಲ. ಕಾಯಿ ಒಡಿಯೂದಿಲ್ಲ. ಪೂಜಾ ಮಾಡಿದ ಯಂತ್ರಕ್ಕ ಕೈ ಹಚ್ಚತೀರಿ?" ಅಕ್ಕುತಾಯಿ ಕ್ಯಾಪನ್ನು ಮೇಜಿನ ಮೇಲಿಟ್ಟಳು. "'ಅಮಾಸಿ ದಿನ ನನ್ನ ಕೈಯಾರ ಅಪ್‌ಡೇಟ್ ಮಾಡೀನಿ' ಅಂತ ನನ್ನ ಮುಂದ ಹೇಳಿಕಿ ಕೊಟ್ಟೀರಿ. ಯಾರ ಕೈ ಅದು, ಶಿವಾಜಿರಾವ್?"

ಹೊರಗೆ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಹೋಯಿತು.

"ಮಾಡದ ಬಿಟ್ಟಿದ್ರ ಹುಡುಗ ನಗ್ತಿದ್ದ, ಮೇಡಂ," ಎಂದ ಶಿವಾಜಿ, ನೆಲ ನೋಡುತ್ತ. "ನೋಡ್ರಿ, ಕೈಯಿಂದ ಮಾಡ್ತೀನಿ ಅಂದ್ರಿ, ಮೊದಲ್ನೇ ಅಡಚಣಿಗೇ ನಿಂತು ಹೋತು ಅಂತಿದ್ದ. ಅಲ್ತಾಫಗ ಫೋನ್ ಹಚ್ಚಿದ್ಯಾ. ಅಂವ ಅವ್ವನ ಕಣ್ಣಿನ ಆಪರೇಷನ್ ಅಂತ ಮಿರಜಿಗಿ ಹೋಗಿದ್ದ. ಫೋನ್ ಬಂದ್ ಇತ್ತು."

"ಮುಂದ?"

"ನಾ ಹೊಸ್ತಿಲ ದಾಟಲಿಲ್ರಿ, ದೇವರಾಣಿ. ಅಲ್ಲಿ ಹೊರಗ ನಿಂತೆ. ಸಿದರಾಯ ಕಾಯಿ ಒಡದ, ಅವನ್ನ ಕುರ್ಚಿ ಮ್ಯಾಲೆ ಕುಂಡ್ರಿಸಿದೆ. ಪಾಸ್‌ವರ್ಡ್ ಹೊರಗಿಂದ ಹೇಳಿದೆ. ಮುಂದ ಏನ ಒತ್ತಬೇಕು ಅಂತ ನನಗೂ ಪಾಠ ಇಲ್ಲ, ದರ ಸಲ ಅಲ್ತಾಫ ಬರದಿಟ್ಟ ಚೀಟಿ ನೋಡಿ ಒತ್ತಾಂವ ನಾ. ಚೀಟಿ ಸಿಗಲಿಲ್ಲ. ಅಷ್ಟರಾಗ ಸಿದರಾಯನ ಫೋನಿಗೆ ಒಂದು ಫೋನ್ ಬಂತು."

"ಯಾರದು?"

ಶಿವಾಜಿ ತಲೆ ಎತ್ತಿ ಸಾಯಿರಾಳ ಕಡೆ ನೋಡಿದ. ಅದು ಬೈಗುಳದ ನೋಟವಾಗಿರಲಿಲ್ಲ. ಹಗಲು ದೆವ್ವ ಕಂಡವನ ನೋಟ.

"ಈಕೀದು."

ಕೋಣೆಯ ಗೋಡೆಗಳು ಒಂದು ಹೆಜ್ಜೆ ಒಳಗೆ ಸರಿದಂತೆ ಸಾಯಿರಾಳಿಗೆ ಅನ್ನಿಸಿತು.

"'ನಾನ್ರಿ, ಸಾಯಿರಾ. ಅಲ್ತಾಫನ ತಂಗಿ. ಭಾಯಿ ಆಸ್ಪತ್ರಿಯೊಳಗ ಅದಾನ, ಅಪ್‌ಡೇಟ್ ನೀ ಹೇಳಿಕೊಡು ಅಂದಾನ' ಅಂದ್ಲು. ಸಿದರಾಯ ಏಳನೇತ್ತ ಓದಿದಾಂವ. ಅಷ್ಟು ಮಾತು ಸ್ಪೀಕರಿನ್ಯಾಗ ಕೇಳ್ತು, ಮುಂದ ಇಂವ ಫೋನ್ ಕಿವಿಗಿ ಹಚ್ಕೊಂಡ. ಆಕಿ ಒಂದೊಂದ ಅಕ್ಷರ ಹೇಳಿದ್ಲು, ಇಂವ ಒಂದೊಂದ ಒತ್ತಿದ. ಏನ ಒತ್ತಿದ ಅಂತ ಹೊಸ್ತಿಲದಾಚೆ ನನಗ ಹೆಂಗ ಕಾಣಬೇಕು?"

"ನಾ ಅಲ್ರಿ!" ಸಾಯಿರಾಳ ಕೂಗು ಅವಳಿಗೇ ಹೊಸದಾಗಿತ್ತು. "ನಾ ಯಾರಿಗೂ ಫೋನ್ ಮಾಡಿಲ್ಲ. ಸಿದರಾಯ ಕಾಕಾನ ನಂಬರ್ ಸೈತ ನನ್ನ ಹತ್ರ ಇಲ್ಲ!"

"ಅಮಾಸಿ ದಿನ ಎಲ್ಲಿದ್ದಿ?" ಎಂದಳು ಅಕ್ಕುತಾಯಿ.

"ಮನಿಯೊಳಗರಿ."

"ಯಾರ ಜೋಡಿ?"

"ಒಬ್ಬಾಕೀನ. ಅಮ್ಮೀ, ಭಾಯಿ ಮಿರಜಿಗೆ..." ವಾಕ್ಯ ಅರ್ಧಕ್ಕೆ ನಿಂತಿತು. ಎಲ್ಲಿ ಬಂದು ಮುಟ್ಟಿದೆನೆಂದು ಅವಳಿಗೆ ತಿಳಿಯಿತು. ತಡೆ ಹಾಕುವುದು ಹೇಗೆಂದು ಬಲ್ಲವಳು ಅವಳು. ಅಣ್ಣ ಊರಲ್ಲಿಲ್ಲವೆಂದು ಬಲ್ಲವಳು ಅವಳು. ಅದು ತನ್ನ ದನಿಯಲ್ಲವೆಂದು ಹೇಳಲು ಸಾಕ್ಷಿ ಯಾರು? ರಾಯಬಾಗದ ಪಾಠದ ಕೋಣೆ ಬಿಟ್ಟರೆ ಅವಳು ಯಾರೊಂದಿಗೂ ಬಾಯಿಬಿಟ್ಟವಳಲ್ಲ. ಊರಿನಲ್ಲಿ ಅವಳ ದನಿಯ ಗುರುತು ಹಿಡಿಯುವವರೇ ಇಲ್ಲ.

"ಅದೇ ದನಿಯೇನು?" ಅಕ್ಕುತಾಯಿ ಶಿವಾಜಿಯನ್ನು ಕೇಳಿದಳು.

"ಹೌದು ಅನ್ನಾಕ ಆಗೂದಿಲ್ಲ, ಅಲ್ಲ ಅನ್ನಾಕೂ ಆಗೂದಿಲ್ಲರಿ. ಹಿಂಗ ಸಣ್ಣ ದನಿ, ಕಡೀಕ ಕೆಳಗಿಳೀತಿತ್ತು."

"ಮತ್ತ ಇದನ್ನ ನುಂಗಿಕೊಂಡು ಆ ಹುಡುಗನ ಕೈಗೆ ಬೇಡಿ ಬೀಳೂದು ನೋಡಿಕೋತ ನಿಂತಿದ್ರಿ."

"ಕಾವಲುಗಾರನ ಕೈಯಾಗ ಸರ್ವರ್ ಕೊಟ್ಟ್ಯಾ ಅಂತ ಹೇಳಿದ್ರ ನನ್ನ ಇಲ್ಲಿ ಇಟ್ಕೋತಾರೇನ್ರಿ? ಅಪ್ಪನ ಸೂತಕ ಮುಚ್ಚಿಟ್ಟು ಸುಳ್ಳ ಹೇಳೂದಾತು." ಅವನು ಮೇಜಿನ ಮೇಲಿನ ಕ್ಯಾಪಿನತ್ತ ನೋಡಿದ. "ಸಿದರಾಯ ಎದ್ದು ಹೇಳ್ತಾನ, ತಾನ ಬಗೀಹರೀತೈತಿ ಅಂದ್ಕೊಂಡಿದ್ದೆ."

ಸಿದರಾಯ ಎದ್ದು ಹೇಳುತ್ತಾನೆ.

ಆ ಮಾತು ಸಾಯಿರಾಳ ಎದೆಯಲ್ಲಿ ಇಳಿದು ತಣ್ಣಗೆ ನಿಂತಿತು. ಆ ದನಿಯೊಂದಿಗೆ ಅಷ್ಟು ಹೊತ್ತು ಮಾತಾಡಿದವನು ಸಿದರಾಯ ಒಬ್ಬನೇ. ಯಾವ ಅಕ್ಷರ ಹೇಳಿದಳು, ನಡುವೆ ಏನೇನು ಕೇಳಿದಳು, ಬಲ್ಲವನು ಅವನೊಬ್ಬನೇ. ಬೆಳಿಗ್ಗೆ ಬೆಳಿಗ್ಗೆ ಗ್ಯಾಸ್ ಖೋಲಿಗೆ ಹೋಗುವವನೂ ಅವನೊಬ್ಬನೇ.

"ಮೇಡಂ," ಎಂದಳು. "ಗ್ಯಾಸ್ ಬಿಟ್ಟದ್ದು ನೀರು ಕೆಡಿಸಾಕ ಅಲ್ರಿ. ಸಿದರಾಯ ಕಾಕಾನ್ನ ಕೊಲ್ಲಾಕ."

ಅಕ್ಕುತಾಯಿ ಅವಳನ್ನು ದಿಟ್ಟಿಸಿದಳು. ನಂಬಿದಳೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. ಅವಳ ಕೈ ಮಾತ್ರ ಸಾಯಿರಾಳ ಮಣಿಕಟ್ಟನ್ನು ಹಿಡಿಯಿತು, ಮೆಲ್ಲಗೆ, ಬಿಗಿಯಾಗಿ. "ಅಲ್ತಾಫನ್ನ ಒಳಗ ಕರಕೊಂಡ ಬರ್ರಿ," ಎಂದು ಕಿಟಕಿಯಿಂದ ಕೂಗಿದಳು. "ತಂಗೀಗಿ ಅಪ್‌ಡೇಟ್ ಹೇಳಿಕೊಡು ಅಂದಿದ್ನೋ ಇಲ್ಲೋ, ಅವನ ಬಾಯಿಂದ ಕೇಳೂಣು."

ಅಲ್ತಾಫ ಬಂದ. ಮೂರು ದಿನದ ಗಡ್ಡ, ತುಟಿ ಒಡೆದಿತ್ತು. ಬಾಗಿಲಲ್ಲಿ ಪೊಲೀಸರ ನಡುವೆ ನಿಂತು ಮೊದಲು ನೋಡಿದ್ದು ತಂಗಿಯ ಮಣಿಕಟ್ಟನ್ನು ಹಿಡಿದ ಕೈಯನ್ನು.

"ಆಕೀನ್ಯಾಕ ಹಿಡದೀರಿ? ಆಕಿ ಏನ ಮಾಡ್ಯಾಳ್ರಿ?"

"ನೀ ಆಕೀಗಿ ಮಿರಜಿಂದ ಫೋನ್ ಮಾಡಿದ್ದೇನು? ಘಟಕಕ್ಕ ಫೋನ್ ಹಚ್ಚು ಅಂತ?"

"ಇಲ್ರಿ. ಅಲ್ಲಾನ ಮ್ಯಾಲೆ ಆಣಿ, ಇಲ್ರಿ."

"ಸರಿ." ಅಕ್ಕುತಾಯಿ ಇನ್ನೊಂದು ಕೈಯಲ್ಲಿ ಫೋನು ತೆಗೆದು ಆಸ್ಪತ್ರೆಯಲ್ಲಿ ಪಹರೆಗಿದ್ದ ಪೇದೆಗೆ ಹಚ್ಚಿದಳು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು. "ಬಾಳಾಸಾಬ, ಸಿದರಾಯಗ ಎಚ್ಚರ ಬಂತೇನು?"

"ಈಗ ಬಂತ್ರಿ ಮೇಡಂ! ನಿಮಗ ಹಚ್ಚಬೇಕು ಅನ್ನಾಕತ್ತಿದ್ಯಾ. ಕಣ್ಣ ತೆರದು ನೀರು ಬೇಡ್ಯಾನ. ಗಂಜಿ ಕುಡಸಾಕತ್ತಾರ್ರಿ."

"ಯಾರು ಕುಡಸಾಕತ್ತಾರ?"

"ನೀವ ಕಳಿಸೀರಲ್ರಿ, ಆ ಹುಡುಗಿ. ಅಲ್ತಾಫನ ತಂಗಿ. ಸಾಯಿರಾ."

ಸಾಯಿರಾ ತನ್ನ ಮಣಿಕಟ್ಟನ್ನು ನೋಡಿಕೊಂಡಳು. ಅಲ್ಲೇ ಇತ್ತು, ಅಕ್ಕುತಾಯಿಯ ಮುಷ್ಟಿಯಲ್ಲಿ.

"ಬಾಳಾಸಾಬ," ಎಂದಳು ಅಕ್ಕುತಾಯಿ, ಒಂದೊಂದೇ ಅಕ್ಷರ ಬಿಡಿಸಿ, "ಒಳಗ ಹೋಗು. ಗಂಜಿ ಬಟ್ಟಲ ಕಸಗೊ. ಓಡು."

ಬೂಟಿನ ಸದ್ದು. ಬಾಗಿಲು ತಳ್ಳುವ ಸದ್ದು. ಮತ್ತೆ ತಳ್ಳುವ ಸದ್ದು.

"ಒಳಗಿಂದ ಚಿಲಕ ಹಾಕ್ಯಾರ್ರಿ! ಏ ಹುಡುಗಿ! ಬಾಗಿಲ ತೆಗಿ! ಯಾರ ಒಳಗ?"

ಆಮೇಲೆ ಬಾಗಿಲಿನಾಚೆಯಿಂದ, ಬಹಳ ದೂರದಿಂದೆಂಬಂತೆ, ಸಣ್ಣ ದನಿಯೊಂದು ಬಂತು. ಸಂಕೋಚದ, ಕೊನೆಗೆ ಕೆಳಗಿಳಿಯುವ ದನಿ.

"ನಾನ್ರಿ. ಸಾಯಿರಾ."

"ಇದ!" ಶಿವಾಜಿ ಚೀರಿದ. "ಇದ ದನಿ! ಅವತ್ತಿಂದು ಇದ ನೋಡ್ರಿ!"

ಸಾಯಿರಾಳಿಗೆ ಸಾಕ್ಷಿ ಸಿಕ್ಕಿತ್ತು. ಇಷ್ಟು ಜನರ ಎದುರು, ಇನ್‌ಸ್ಪೆಕ್ಟರರ ಕಿವಿಯಲ್ಲೇ. ಅಣ್ಣ ಬಿಡುಗಡೆಯಾದಂತೆಯೇ. ಸಿದರಾಯ ಒಬ್ಬ ಬದುಕಿದರೆ.

"ಒಡಿ ಬಾಗಿಲಾ!" ಅಕ್ಕುತಾಯಿ ಫೋನಿಗೆ ಬಾಯಿ ಹಚ್ಚಿ ಕೂಗಿದಳು. "ಬಾಳಾಸಾಬ, ಒಡಿ!"

"ಒಡೀಬ್ಯಾಡ್ರಿ!"

ಎಲ್ಲರೂ ತಿರುಗಿದರು. ಅಲ್ತಾಫ ಪೊಲೀಸರ ಕೈ ಕೊಸರಿಕೊಂಡು ಮೇಜಿನ ಮೇಲೆ ಬಿದ್ದಿದ್ದ. ಬೇಡಿಯ ಕೈಗಳಿಂದ ಫೋನನ್ನು ಎದೆಗೆ ಅವುಚಿಕೊಂಡಿದ್ದ. ಆ ದನಿ ಯಾರದೆಂದು ಅವನಿಗೆ ಗೊತ್ತಿದೆ ಎಂದು ಸಾಯಿರಾಳಿಗೆ ತಿಳಿಯಿತು.

"ಬಾಗಿಲ ಒಡೀಬ್ಯಾಡ್ರಿ, ಮೇಡಂ. ನಾನ ಮಾಡೀನಿ. ಎಲ್ಲಾ ನಾನ ಮಾಡೀನಿ ಅಂತ ಬರಕೋರಿ," ಎಂದ ಅಲ್ತಾಫ. "ಆ ಬಾಗಿಲ ಹಿಂದ ಇದ್ದಾಕೀಗಿ ಏನೂ ಮಾಡಬ್ಯಾಡ್ರಿ."